ಆಮ್ಲಜನಕ ಯಂತ್ರವಿರುವ ಮನೆಗೆ ಜನರೇಟರ್: ಗದಗದ ಅಂಚಿನ ಒಂದು ಪ್ರಕರಣ

ಮನೆಯವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ತಾಂತ್ರಿಕ ವಿವರಗಳನ್ನು ಇದ್ದಂತೆಯೇ ಇಟ್ಟಿದ್ದೇನೆ. ನಾನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ. ಈ ಮನೆಯ ಕೆಲಸಕ್ಕೆ ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದೆ.

ಹಿನ್ನೆಲೆ

ಗದಗ-ಬೆಟಗೇರಿಯ ಅಂಚಿನಲ್ಲಿ, ಕೆಲವು ವರ್ಷಗಳ ಹಿಂದಿನವರೆಗೂ ಜೋಳ, ಕಡಲೆ ಬೆಳೆಯುತ್ತಿದ್ದ ಎರೆಹೊಲದಲ್ಲಿ ಎದ್ದ ಬಡಾವಣೆ ಅದು. ನಲವತ್ತು-ಅರವತ್ತರ ನಿವೇಶನ, ನೆಲ ಅಂತಸ್ತಿನ ಮನೆ. ಎಪ್ಪತ್ತು ದಾಟಿದ ಯಜಮಾನರು ಹತ್ತಿ ಜಿನ್ನಿಂಗ್ ಕಾರ್ಖಾನೆಗಳಲ್ಲಿ ದುಡಿದವರು. ಶ್ವಾಸಕೋಶ ಸೋತಿದೆ. ದಿನಕ್ಕೆ ಕನಿಷ್ಠ 15 ಗಂಟೆ, ನಿಮಿಷಕ್ಕೆ 2 ಲೀಟರಿನಂತೆ ಆಮ್ಲಜನಕ ಬೇಕೆಂದು ವೈದ್ಯರು ಬರೆದುಕೊಟ್ಟ ಮೇಲೆ ಮನೆಗೆ 5 ಲೀಟರ್ ಸಾಮರ್ಥ್ಯದ ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಮಗ ಹುಬ್ಬಳ್ಳಿಗೆ ಹೋಗಿ ಬಂದು ಕೆಲಸ ಮಾಡುತ್ತಾರೆ, ಸೊಸೆ ಶಿಕ್ಷಕಿ. ಹಗಲಿನಲ್ಲಿ ಮನೆಯಲ್ಲಿರುವವರು ಯಜಮಾನರು ಮತ್ತು ಅವರ ಪತ್ನಿ ಇಬ್ಬರೇ.

ಕಾನ್ಸಂಟ್ರೇಟರ್ ಎಂದರೆ ಸಿಲಿಂಡರ್ ಅಲ್ಲ. ಅದರೊಳಗೆ ಆಮ್ಲಜನಕದ ದಾಸ್ತಾನು ಇರುವುದಿಲ್ಲ. ಕೋಣೆಯ ಗಾಳಿಯನ್ನು ಒಂದು ಕಂಪ್ರೆಸರ್ ಒತ್ತಿ ಹರಳುಗಳ ಮೂಲಕ ಹಾಯಿಸುತ್ತದೆ, ಹರಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಳಿದ ಆಮ್ಲಜನಕ ಕೊಳವೆಗೆ ಬರುತ್ತದೆ. ಕರೆಂಟು ಹೋದ ಗಳಿಗೆಗೇ ಎಲ್ಲವೂ ನಿಲ್ಲುತ್ತದೆ. ಮತ್ತೆ ಚಾಲೂ ಮಾಡಿದರೆ ಪೂರ್ಣ ಸಾಂದ್ರತೆಗೆ ಬರಲು ಕೆಲವು ನಿಮಿಷ ಬೇಕು. ಈ ಮನೆಯ ಎಲ್ಲ ನಿರ್ಧಾರಗಳೂ ಕೊನೆಗೆ ಬಂದು ನಿಂತದ್ದು ಈ ಒಂದು ಸಂಗತಿಯ ಮೇಲೆ.

ಆ ಮೇ ತಿಂಗಳ ರಾತ್ರಿ

ನಮ್ಮ ಕಡೆ ವಿದ್ಯುತ್ತಿಗೆ ಕಂಟಕ ಬರುವುದು ಮಳೆಗಾಲದ ನಡುವೆ ಅಲ್ಲ, ಮಳೆಗಾಲದ ಮುಂಚೆ. ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಗಾಳಿ ಕಟ್ಟಿಕೊಂಡೇ ಬರುತ್ತವೆ. ಅರ್ಧ ಗಂಟೆಯ ಗಾಳಿಗೆ ಬೇವಿನ ಕೊಂಬೆ ತಂತಿಯ ಮೇಲೆ ಬೀಳುತ್ತದೆ, ಹಸಿಯಾದ ಎರೆಯಲ್ಲಿ ಕಂಬ ವಾಲುತ್ತದೆ. ಹೊಲಗಳ ನಡುವೆ ಹಾದುಬರುವ ಲೈನಿನಲ್ಲಿ ಎಲ್ಲಿ ಏನಾಗಿದೆ ಎಂದು ಕತ್ತಲೆಯಲ್ಲಿ, ಕೆಸರಿನಲ್ಲಿ ನಡೆದು ಹುಡುಕಬೇಕಾದ ಲೈನ್‌ಮನ್‌ಗಳ ಪಾಡು ಯಾರಿಗೂ ಬೇಡ.

ಅಂಥದ್ದೇ ಒಂದು ಸಂಜೆ ಹೋದ ಕರೆಂಟು ಮರುದಿನ ರಾತ್ರಿಯವರೆಗೂ ಬರಲಿಲ್ಲ. ಮನೆಯಲ್ಲಿ ಒಂದೇ 150 ಆಂಪಿಯರ್-ಅವರ್ ಬ್ಯಾಟರಿಯ ಹಳೆಯ ಇನ್ವರ್ಟರ್ ಇತ್ತು. ಅದು ಸ್ಕ್ವೇರ್ ವೇವ್ ಬಗೆಯದು, ಅಂದರೆ ಅದು ಕೊಡುವ ಕರೆಂಟಿನ ಅಲೆ ಬೀದಿಯ ಕರೆಂಟಿನಂತೆ ನಯವಾಗಿರದೆ ಚೌಕಾಕಾರದಲ್ಲಿರುತ್ತದೆ. ಬಲ್ಬಿಗೆ, ಟಿವಿಗೆ ಅದರಿಂದ ತೊಂದರೆಯಿಲ್ಲ. ಕಂಪ್ರೆಸರಿನ ಮೋಟಾರಿಗೆ ಮಾತ್ರ ಅದು ಸಲ್ಲ. ಯಂತ್ರ ಗೊರಗುಟ್ಟತೊಡಗಿತು, ಮೈ ಬಿಸಿಯಾಯಿತು. ಮನೆಯ ಫ್ಯಾನುಗಳು, ದೀಪಗಳು ಎಲ್ಲವೂ ಅದೇ ಇನ್ವರ್ಟರಿನ ಮೇಲೆ ಇದ್ದುದರಿಂದ ಒಂದು ಗಂಟೆ ಕಳೆಯುವಷ್ಟರಲ್ಲಿ ಬ್ಯಾಟರಿ ಕೈಕೊಟ್ಟಿತು. ರಕ್ತದಲ್ಲಿನ ಆಮ್ಲಜನಕದ ಶೇಕಡಾವಾರು ತೋರಿಸುವ, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ 84ಕ್ಕೆ ಇಳಿದಿತ್ತು.

ಮಗ ಶಾಮಿಯಾನದವರಿಂದ ಬಾಡಿಗೆಗೆ ಪೆಟ್ರೋಲ್ ಜನರೇಟರ್ ತಂದರು. ಅದನ್ನು ಪಡಸಾಲೆಯ ಹೊರಬಾಗಿಲ ಬಳಿಯ ಕಟ್ಟೆಯ ಮೇಲಿಟ್ಟು, ಎರಡೂ ತುದಿಗೆ ಪ್ಲಗ್ ಇದ್ದ ಒಂದು ವೈರಿನಿಂದ ಪಡಸಾಲೆಯ ಸಾಕೆಟ್ಟಿಗೆ ಜೋಡಿಸಿದರು. ಇಡೀ ಮನೆ ಬೆಳಗಿತು. ಆ ರಾತ್ರಿ ಯಜಮಾನರು ಉಳಿದದ್ದು ಅದರಿಂದಲೇ. ಅದನ್ನು ಮಾಡಿದ ಮಗನನ್ನು ನಾನು ದೂರುವುದಿಲ್ಲ. ತಂದೆ ಏದುಸಿರು ಬಿಡುವಾಗ ಯಾವ ಮಗನಾದರೂ ಕೈಗೆ ಸಿಕ್ಕಿದ್ದನ್ನೇ ಹಿಡಿಯುತ್ತಾನೆ.

ಆದರೂ ಅಲ್ಲಿ ಎರಡು ಸಾವುಗಳು ಕಾಯುತ್ತಿದ್ದವು ಎಂಬುದನ್ನು ಹೇಳಲೇಬೇಕು. ಮೊದಲನೆಯದು ಆ ವೈರು. ಮೇನ್ ಸ್ವಿಚ್ ಇಳಿಸಿದ್ದೇವೆ ಎಂಬ ನೆನಪೊಂದೇ ಅಲ್ಲಿ ಕಾವಲು. ಯಾರಾದರೂ ಅದನ್ನು ಮೇಲೆತ್ತಿದರೆ ಮನೆಯ ವಿದ್ಯುತ್ತು ಹಿಂದಕ್ಕೆ ಹರಿದು ಬೀದಿಯ ತಂತಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ತಿರುಗುಮುರುಗಾಗಿಯೂ ಕೆಲಸ ಮಾಡುತ್ತದೆ: 11 ಸಾವಿರ ವೋಲ್ಟನ್ನು ಮನೆಗೆ ಇಳಿಸಿ ಕೊಡುವ ಅದೇ ಪೆಟ್ಟಿಗೆ ಮನೆಯ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಲೈನಿಗೆ ಬಿಡುತ್ತದೆ. ಲೈನು ಸತ್ತಿದೆ ಎಂದು ನಂಬಿ ಕಂಬದ ಮೇಲೆ ಇರುವವನಿಗೆ ಇದು ತಿಳಿಯುವ ದಾರಿಯೇ ಇಲ್ಲ. ಸಾಕೆಟ್ಟಿನಿಂದ ಕಳಚಿದ ಪ್ಲಗ್ಗಿನ ಪಿನ್ನುಗಳು ಬೆತ್ತಲೆಯಾಗಿ, ಜೀವಂತವಾಗಿ ಕೈಯಲ್ಲಿರುತ್ತವೆ ಎಂಬುದು ಬೇರೆ.

ಎರಡನೆಯದು ಹೊಗೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತೆರೆದ ಬಾಗಿಲ ಮುಂದೆ ಓಡುವ ಎಂಜಿನ್ನಿನಿಂದ ಅದು ಒಳಗೆ ಬರುತ್ತದೆ. ಮನೆಯವರು ಆಕ್ಸಿಮೀಟರ್ ನೋಡುತ್ತ ಧೈರ್ಯವಾಗಿದ್ದರು. ಆದರೆ ರಕ್ತಕ್ಕೆ ಅಂಟಿದ್ದು ಆಮ್ಲಜನಕವೋ ಮೊನಾಕ್ಸೈಡೋ ಎಂಬುದನ್ನು ಬೆರಳಿನ ಆ ಸಾಮಾನ್ಯ ಉಪಕರಣ ಬೇರ್ಪಡಿಸಲಾರದು. ವಿಷ ಏರುತ್ತಿದ್ದರೂ ಅದು ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಮನೆಯಲ್ಲಿ ರೋಗಿ ಇರುವವರೆಲ್ಲ ಇದೊಂದನ್ನು ತಿಳಿದಿರಲೇಬೇಕು.

ಪಟ್ಟಿ ಮಾಡಿದ್ದು, ಪಟ್ಟಿ ಹರಿದದ್ದು

ನನ್ನನ್ನು ಕರೆಯುವ ಹೊತ್ತಿಗೆ ಮಗನ ಕೈಯಲ್ಲಿ 10 ಕೆವಿಎ (ಕೆವಿಎ ಎಂದರೆ ಜನರೇಟರಿನ ಸಾಮರ್ಥ್ಯದ ಅಳತೆ) ಡೀಸೆಲ್ ಜನರೇಟರಿನ ಕೊಟೇಶನ್ ಇತ್ತು. ಮಾರಾಟಗಾರರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬೋರ್‌ವೆಲ್ಲಿನ ಒಂದೂವರೆ ಎಚ್‌ಪಿ ಮೋಟಾರು, ಗೀಸರ್, ಎಸಿ, ಇಸ್ತ್ರಿ ಪೆಟ್ಟಿಗೆ, ಮಿಕ್ಸರ್, ಬಟ್ಟೆ ಒಗೆಯುವ ಯಂತ್ರ, ಫ್ರಿಜ್, ಫ್ಯಾನು, ದೀಪ ಎಲ್ಲ ಸೇರಿ ಸುಮಾರು 8 ಕಿಲೋವ್ಯಾಟ್. ಪವರ್ ಫ್ಯಾಕ್ಟರ್, ಅಂದರೆ ಒಂದು ಕೆವಿಎಯಲ್ಲಿ ಕೆಲಸಕ್ಕೆ ಸಿಗುವ ಕಿಲೋವ್ಯಾಟಿನ ಪಾಲು, 0.8 ಹಿಡಿದರೆ ಅದಕ್ಕೆ 10 ಕೆವಿಎ ಬೇಕೇ ಬೇಕು.

ನಾನು ಮನೆಯವರನ್ನೆಲ್ಲ ಕೂಡಿಸಿ ಕೇಳಿದ್ದು ಬೇರೆ ಪ್ರಶ್ನೆ: ಕರೆಂಟಿಲ್ಲದ ಹೊತ್ತಿನಲ್ಲಿ ಯಾವುದು ಒಂದು ನಿಮಿಷವೂ ನಿಲ್ಲಬಾರದು, ಯಾವುದು ಅರ್ಧ ದಿನ ನಿಲ್ಲಬಹುದು, ಯಾವುದು ಎರಡು ದಿನ ಇಲ್ಲದಿದ್ದರೂ ನಡೆಯುತ್ತದೆ? ನಿಲ್ಲಬಾರದ್ದು ಒಂದೇ, ಕಾನ್ಸಂಟ್ರೇಟರ್. ಅದು ಎಳೆಯುವುದು 350 ವ್ಯಾಟ್. ಫ್ರಿಜ್ಜು, ಕೆಲವು ಫ್ಯಾನು, ದೀಪ ಎರಡನೆಯ ಸಾಲಿಗೆ ಬಂದವು. ಮಾತು ಬೆಳೆದದ್ದು ಬೋರ್‌ವೆಲ್ ಮೋಟಾರಿನ ವಿಷಯಕ್ಕೆ. ನೀರಿಲ್ಲದೆ ಹೇಗೆ ಎಂದು ಸೊಸೆ ಕೇಳಿದರು, ನ್ಯಾಯವಾದ ಪ್ರಶ್ನೆಯೇ. ಆದರೆ ಅಂಥ ಮೋಟಾರು ಓಡುವಾಗ ಎಳೆಯುವುದಕ್ಕಿಂತ ಎದ್ದೇಳುವಾಗ ನಾಲ್ಕೈದು ಪಟ್ಟು ಕರೆಂಟು ಕೇಳುತ್ತದೆ. ಆ ಒಂದು ಕ್ಷಣಕ್ಕಾಗಿ ಇಡೀ ಜನರೇಟರಿನ ಅಳತೆ ಇಮ್ಮಡಿಯಾಗಬೇಕಿತ್ತು. ಮಾಳಿಗೆಯ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ದಿನವೂ ಸಂಜೆ ಅದನ್ನು ತುಂಬಿಸಿಡುವುದೆಂದು ಒಪ್ಪಂದವಾಯಿತು. ಮೋಟಾರು, ಗೀಸರ್, ಇಸ್ತ್ರಿ ಪೆಟ್ಟಿಗೆ ಪಟ್ಟಿಯಿಂದ ಹೊರಬಿದ್ದವು.

ದೊಡ್ಡದನ್ನೇ ತಂದರೆ ಮುಂದೆ ಬೇಕಾದೀತು ಎಂಬ ವಾದವೂ ಬಂತು. ಡೀಸೆಲ್ ಎಂಜಿನ್ನಿನ ಮಟ್ಟಿಗೆ ಅದು ಸರಿಯಲ್ಲ. ತನ್ನ ಸಾಮರ್ಥ್ಯದ ಮೂರನೆಯ ಒಂದು ಪಾಲಿಗಿಂತ ಕಡಿಮೆ ಹೊರೆಯಲ್ಲಿ ತಾಸುಗಟ್ಟಲೆ ಓಡಿದರೆ ಅದರ ಒಳಭಾಗ ಸಾಕಷ್ಟು ಬಿಸಿಯಾಗುವುದಿಲ್ಲ, ಪೂರ್ತಿ ಉರಿಯದ ಇಂಧನ ಮಸಿಯಾಗಿ, ಜಿಡ್ಡಾಗಿ ಸೈಲೆನ್ಸರಿನಲ್ಲಿ ಕೂಡುತ್ತದೆ. 10 ಕೆವಿಎ ಸೆಟ್ಟಿಗೆ ಈ ಮನೆಯ ರಾತ್ರಿಯ ಹೊರೆ ಆರನೆಯ ಒಂದು ಪಾಲೂ ಆಗುತ್ತಿರಲಿಲ್ಲ. 5 ಕೆವಿಎ ಎಂದರೆ 4 ಕಿಲೋವ್ಯಾಟ್. ಅಗತ್ಯದ ಹೊರೆ 900 ವ್ಯಾಟ್, ಇನ್ವರ್ಟರ್ ಬ್ಯಾಟರಿ ತುಂಬಲು 400, ಅದರ ಮೇಲೆ ಯಜಮಾನರ ಕೋಣೆಯ ಒಂದು ಟನ್ನಿನ ಎಸಿ 1,000. ಒಟ್ಟು ಅರ್ಧಕ್ಕಿಂತ ತುಸು ಹೆಚ್ಚು. ಹೀಗಾಗಿ ಮೊದಲು ಐಷಾರಾಮವೆಂದು ಪಟ್ಟಿಯಿಂದ ಹೊಡೆದುಹಾಕಿದ್ದ ಎಸಿ ಮರಳಿ ಬಂತು. ಮೇ ತಿಂಗಳ ಸೆಕೆಯಲ್ಲಿ ಉಸಿರಿಗೆ ಒದ್ದಾಡುವವರಿಗೆ ಅದು ಐಷಾರಾಮವೂ ಅಲ್ಲ.

ಹಳೆಯ ಸೆಟ್ಟು ಅಗ್ಗಕ್ಕೆ ಸಿಗುತ್ತಿತ್ತು. ಹೊಸದನ್ನೇ ಕೊಳ್ಳಲು ಹೇಳಿದೆ. 2023ರ ಜುಲೈ 1ರಿಂದ ಹೊಸ ಜನರೇಟರುಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬಿಗಿಯಾದ ಹೊಗೆ ಮಾನದಂಡಗಳು ಬಂದಿವೆ, ಶಬ್ದವೂ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರುವಂತಿಲ್ಲ. ಶ್ವಾಸಕೋಶದ ರೋಗಿಯ ಗೋಡೆಯಾಚೆ ಹಳೆಯ ಎಂಜಿನ್ ಇಡುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ಸ್ವಯಂಚಾಲಿತವೋ, ಕೈಚಾಲಿತವೋ

ಇಡೀ ಪ್ರಕರಣದ ತಿರುವು ಇಲ್ಲಿದೆ. ಕರೆಂಟು ಹೋದರೆ ತಾನೇ ಚಾಲೂ ಆಗುವ ಪ್ಯಾನೆಲ್ ಬೇಕೆಂದು ಮಗ ಪಟ್ಟು ಹಿಡಿದಿದ್ದರು. ಹಗಲಲ್ಲಿ ಇಬ್ಬರು ವೃದ್ಧರೇ ಇರುವ ಮನೆಗೆ ಅದು ಸಹಜವಾದ ಬೇಡಿಕೆ. ಆದರೆ ಅಂಥ ವ್ಯವಸ್ಥೆಯಲ್ಲೂ ಎಂಜಿನ್ ಎದ್ದು ವೋಲ್ಟೇಜ್ ಹದಕ್ಕೆ ಬಂದು ಹೊರೆ ವರ್ಗವಾಗುವವರೆಗೆ ಹತ್ತು-ಹದಿನೈದು ಸೆಕೆಂಡಿನ ಖಾಲಿ ಉಳಿಯುತ್ತದೆ, ಕಾನ್ಸಂಟ್ರೇಟರ್ ನಿಂತು ಕೂಗುತ್ತದೆ. ಅಂದರೆ ನಡುವೆ ಇನ್ವರ್ಟರ್ ಇದ್ದೇ ಇರಬೇಕು. ಇನ್ವರ್ಟರ್ ಇರಲೇಬೇಕೆಂದ ಮೇಲೆ ಅದನ್ನೇ ಗಟ್ಟಿ ಮಾಡಿದರೆ ಜನರೇಟರಿಗೆ ಅವಸರವೇ ಇರುವುದಿಲ್ಲ.

ಮನೆಯ ಅವ್ವನವರು ಅಷ್ಟೊತ್ತು ಸುಮ್ಮನೆ ಕೇಳುತ್ತಿದ್ದವರು ಹೇಳಿದರು: "ತಮ್ಮಾ, ಸೊಸೆ ಶಾಲೆಗೆ ಹೋದ ಮೇಲೆ ಈ ಮನೆಯಲ್ಲಿ ಕೈ ಹಾಕುವವಳು ನಾನೊಬ್ಬಳೇ. ತಾನೇ ನಡೆಯುವ ಯಂತ್ರ ನಡೆಯದಿದ್ದರೆ ಅದನ್ನು ನಾನು ಏನು ಮಾಡಲಿ? ನನಗೆ ಕಾಣುವ, ನನ್ನ ಕೈಗೆ ಆಗುವ ಒಂದು ಹಿಡಿಕೆ ಇಟ್ಟುಕೊಡು."

ಆ ಮಾತೇ ನಿರ್ಧಾರವಾಯಿತು. ಸ್ವಯಂಚಾಲಿತ ಪ್ಯಾನೆಲ್ಲಿಗೆ ಹೋಗಬೇಕಿದ್ದ ಹಣದಲ್ಲಿ ಬೀದಿಯ ಕರೆಂಟಿನಂಥದೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಮತ್ತು 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಬಂದವು. ಅದರ ಮೇಲೆ ಕಾನ್ಸಂಟ್ರೇಟರ್, ಆ ಕೋಣೆಯ ಒಂದು ಫ್ಯಾನು, ಒಂದು ದೀಪ ಬಿಟ್ಟು ಬೇರೇನೂ ಇಲ್ಲ. ಆ ಸಾಕೆಟ್ಟಿಗೆ ಕೆಂಪು ಬಣ್ಣದ ಪ್ಲೇಟು ಹಾಕಿದೆವು. ಎರಡು ಬ್ಯಾಟರಿಯ ಲೆಕ್ಕ 3,600 ವ್ಯಾಟ್-ಗಂಟೆ, ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಹಿಂಡದೆ ಕೈಗೆ ಸಿಗುವುದು 2,400ರ ಆಸುಪಾಸು. 435 ವ್ಯಾಟಿಗೆ ಐದೂವರೆ ತಾಸು. ಹುಬ್ಬಳ್ಳಿಯಿಂದ ಮಗ ಬರಲು, ಶಾಲೆಯಿಂದ ಸೊಸೆ ಬರಲು ಅಷ್ಟು ಸಾಕು. ಯಾರೂ ಬರದಿದ್ದರೆ ಕೀಲಿ ತಿರುಗಿಸಿ ಹಿಡಿಕೆ ಹೊರಳಿಸುವುದು ಅವ್ವನವರಿಗೆ ಗೊತ್ತು.

ಇದೆಲ್ಲವೂ ಕೈಕೊಟ್ಟರೆ ಎಂದು ಒಂದು ಬಿ ಟೈಪ್ ಸಿಲಿಂಡರ್. ಅದರಲ್ಲಿ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ತಾಸು. ಹರಿವನ್ನು ಎಷ್ಟಕ್ಕೆ ಇಡಬೇಕೆಂಬುದನ್ನು ವೈದ್ಯರೇ ಚೀಟಿಯಲ್ಲಿ ಬರೆದುಕೊಟ್ಟರು. ಗಾಬರಿಯಲ್ಲಿ ಜಾಸ್ತಿ ತಿರುಗಿಸುವುದು ಈ ಕಾಯಿಲೆಯವರಿಗೆ ಒಳ್ಳೆಯದಲ್ಲ.

ಎರೆಮಣ್ಣಿನ ಮೇಲೆ

ಬೆಂಕಿಯ ಸಾಮಾನು ಆಗ್ನೇಯಕ್ಕೆ ಎಂದು ಮನೆಯವರ ಇಚ್ಛೆ. ಆದರೆ ಅದೇ ಮೂಲೆಯಲ್ಲಿ ಅಡುಗೆಮನೆ, ಅದರ ಕಿಟಕಿ, ಹೊರಗೆ ಗ್ಯಾಸ್ ಸಿಲಿಂಡರ್. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಆದ್ದರಿಂದ ಮನೆಯ ಮೂಡಣ ಬದಿಯೇ ಸರಿ, ಆದರೆ ಅಡುಗೆಮನೆಯಿಂದ ದೂರ ಸರಿಸಿ ಹಿತ್ತಲ ಕಡೆಗೆ. ಹೊಗೆಕೊಳವೆಯನ್ನು ಗೋಡೆಯುದ್ದಕ್ಕೂ ಎತ್ತಿ ಮಾಳಿಗೆಯ ಕಟ್ಟೆಗಿಂತ ಮೇಲೆ ಬಿಟ್ಟೆವು, ಕೈಗೆ ಎಟುಕುವ ಎತ್ತರದವರೆಗೆ ಶಾಖ ತಡೆಯುವ ಹೊದಿಕೆ ಸುತ್ತಿದೆವು. ಯಜಮಾನರ ಕೋಣೆಯಲ್ಲಿ ಬ್ಯಾಟರಿಯಿಂದ ನಡೆಯುವ ಮೊನಾಕ್ಸೈಡ್ ಅಲಾರಂ. ಪಕ್ಕದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಕೆಲಸ ಶುರುವಾಗುವ ಮೊದಲೇ ಮಗ ಅವರ ಮನೆಗೆ ಹೋಗಿ ವಿಷಯ ತಿಳಿಸಿ ಬಂದರು. ಮುಂದೆ ಅದು ದೊಡ್ಡ ಉಪಕಾರಕ್ಕೆ ಬಂತು.

ಗೌಂಡಿಯವರು ನೆಲ ಕೆದರಿ ನಾಲ್ಕು ಇಂಚು ಕಾಂಕ್ರೀಟ್ ಸುರಿದರೆ ಮುಗಿಯಿತು ಎಂದಿದ್ದರು. ಬೇರೆ ಮಣ್ಣಾದರೆ ನಡೆದೀತು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಅದುರುವ ಎಂಜಿನ್ ಇಟ್ಟರೆ ಎರಡನೆಯ ವರ್ಷಕ್ಕೆ ಕಟ್ಟೆ ವಾಲುತ್ತದೆ, ಡೀಸೆಲ್ ಪೈಪು, ಹೊಗೆಕೊಳವೆಯ ಜೋಡಣೆ ಸಡಿಲಾಗುತ್ತವೆ. ಮೂರು ಅಡಿ ಎರೆ ತೆಗೆಸಿ, ಗರಸು ತುಂಬಿಸಿ, ಪದರ ಪದರವಾಗಿ ನೀರು ಹಾಕಿ ಧಮ್ಮಸ್ಸು ಮಾಡಿಸಿ, ಅದರ ಮೇಲೆ ಸಲಾಕೆ ಕಟ್ಟಿದ ಕಾಂಕ್ರೀಟ್ ಹಾಕಿಸಿದೆವು. ಸೆಟ್ಟಿನ ಕೆಳಗೆ ರಬ್ಬರ್ ಪ್ಯಾಡು.

ಅರ್ಥಿಂಗಿಗೂ ಇದೇ ಮಣ್ಣಿನ ಕಾಟ. ಹಸಿ ಎರೆ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಒಣಗಿ ಬಿರಿದಾಗ ಕೊಳವೆಗೂ ಮಣ್ಣಿಗೂ ನಡುವೆ ಗಾಳಿಯೇ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಮನೆಯ ಹಳೆಯ ಅರ್ಥಿಂಗ್ ಅಳೆದಾಗ 14 ಓಮ್ ಇತ್ತು, ಈ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಎರಡೂವರೆ ಮೀಟರ್ ಜಿಐ ಪೈಪಿನ ಹೊಸ ಗುಂಡಿಗಳನ್ನು ತೋಡಿಸಿ, ಇದ್ದಿಲು-ಉಪ್ಪು ತುಂಬಿ, ನೀರು ಹನಿಸಲು ಮೇಲೆ ಲಾಳಿಕೆ ಬಿಟ್ಟೆವು. ಬೇಸಿಗೆಯಲ್ಲೂ 5 ಓಮಿನ ಒಳಗೆ ನಿಂತಿದೆ. ಜನರೇಟರಿನ ನ್ಯೂಟ್ರಲನ್ನು ಈ ಅರ್ಥಿಂಗಿಗೆ ಸೇರಿಸಿದ್ದೇವೆ. ಹಾಗೆ ಸೇರಿಸದಿದ್ದರೆ, ಜನರೇಟರ್ ಓಡುವಾಗ ಯಾರಿಗಾದರೂ ಶಾಕ್ ಹೊಡೆದರೂ ಕರೆಂಟು ಸೋರಿದಾಗ ತಾನೇ ಬಿದ್ದು ಜೀವ ಕಾಯಬೇಕಾದ ಮನೆಯ ಆರ್‌ಸಿಸಿಬಿ ಸ್ವಿಚ್ಚು ಬೀಳುವುದೇ ಇಲ್ಲ. ಬಾಡಿಗೆ ಸೆಟ್ಟುಗಳಲ್ಲಿ ಇದನ್ನು ನೋಡುವವರೇ ಇಲ್ಲ.

ಚೇಂಜ್‌ಓವರ್ ಸ್ವಿಚ್ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬದಲಿಸುವಂಥದ್ದು: ಹಿಡಿಕೆ ಮೇಲಿದ್ದರೆ ಬೀದಿಯ ಕರೆಂಟು, ಕೆಳಗಿದ್ದರೆ ಜನರೇಟರ್, ನಡುವಿದ್ದರೆ ಏನೂ ಇಲ್ಲ. ಎರಡೂ ಒಮ್ಮೆಗೆ ಸೇರುವುದು ಯಾಂತ್ರಿಕವಾಗಿಯೇ ಅಸಾಧ್ಯ, ಯಾರ ನೆನಪನ್ನೂ ನೆಚ್ಚಬೇಕಿಲ್ಲ. ಮನೆಯಲ್ಲಿ ಜನರೇಟರ್ ಇದೆ ಎಂಬುದನ್ನು ವಿದ್ಯುತ್ ಕಂಪನಿಯ ಕಚೇರಿಗೆ ಬರಹದಲ್ಲಿ ತಿಳಿಸಿದೆವು. ಎರಡು ತುದಿ ಪ್ಲಗ್ಗಿನ ಆ ವೈರನ್ನು ಅಲ್ಲಿಯೇ ಕತ್ತರಿಸಿದೆ. ಒಟ್ಟು ಖರ್ಚು, ಇನ್ವರ್ಟರ್ ಮತ್ತು ಕಟ್ಟೆ ಸೇರಿ, ಮೊದಲಿನ ಕೊಟೇಶನ್ನಿನ ಮುಕ್ಕಾಲು ಪಾಲಿನಲ್ಲಿ ಮುಗಿಯಿತು.

ಮೊದಲ ದೊಡ್ಡ ಗಾಳಿ

ಜನರೇಟರ್ ಬಂದದ್ದು ದೀಪಾವಳಿಯ ನಂತರ. ಚಳಿಗಾಲವಿಡೀ ಅದಕ್ಕೆ ಕೆಲಸ ಬೀಳಲಿಲ್ಲ. ತಿಂಗಳಿಗೊಮ್ಮೆ ಓಡಿಸಬೇಕೆಂದು ಬರೆದಿಟ್ಟಿದ್ದ ಚೀಟಿ ಫ್ರಿಜ್ಜಿನ ಮೇಲೆಯೇ ಉಳಿದಿತ್ತು. ಕೃತ್ತಿಕೆ ಮಳೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಇನ್ವರ್ಟರ್ ಹೊರೆ ಹೊತ್ತದ್ದು ಯಜಮಾನರಿಗೆ ತಿಳಿಯಲೂ ಇಲ್ಲ. ಸಂಜೆ ಸೊಸೆ ಬಂದು ಕೀಲಿ ತಿರುಗಿಸಿದರೆ "ಟಿಕ್" ಎಂಬ ಸದ್ದು ಮಾತ್ರ. ಸ್ಟಾರ್ಟರಿನ 12 ವೋಲ್ಟ್ ಬ್ಯಾಟರಿ ತಿಂಗಳುಗಟ್ಟಲೆ ಕುಳಿತಲ್ಲೇ ಇಳಿದುಹೋಗಿತ್ತು.

ಮುಂದಿನದನ್ನು ಕೇಳಿ ನನಗೆ ಸಮಾಧಾನವಾಯಿತು. ಯಾರೂ ಓಡಾಡಿ ಗಾಬರಿಯಾಗಲಿಲ್ಲ. ಇನ್ವರ್ಟರಿನಲ್ಲಿ ಇನ್ನೂ ಒಂದು ತಾಸಿನ ಮೇಲೆ ಜೀವ ಇತ್ತು, ಅದು ಕೆಂಪು ತೋರಿಸಿದಾಗ ಅವ್ವನವರು ಸಿಲಿಂಡರ್ ಜೋಡಿಸಿ ಮುಳ್ಳನ್ನು 2ಕ್ಕೆ ಇಟ್ಟರು. ಪಕ್ಕದ ಮನೆಯವರು ತಮ್ಮ ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದುಕೊಟ್ಟರು, ಎಂಜಿನ್ ಎದ್ದಿತು. ಕರೆಂಟು ಬಂದದ್ದು ಮರುದಿನ ಬೆಳಿಗ್ಗೆ. ಒಂದು ಸಾಲು ಮುರಿದಾಗ ಮುಂದಿನ ಸಾಲು ಹೊತ್ತುಕೊಂಡಿತು. 10 ಕೆವಿಎ ಸೆಟ್ಟೊಂದನ್ನೇ ನಂಬಿದ್ದರೆ ಆ ಸಂಜೆ ಆ ದೊಡ್ಡ ಯಂತ್ರವೂ "ಟಿಕ್" ಎಂದೇ ಸುಮ್ಮನಾಗುತ್ತಿತ್ತು, ಆಮೇಲೆ ಏನೂ ಇರುತ್ತಿರಲಿಲ್ಲ.

ಸ್ಟಾರ್ಟರ್ ಬ್ಯಾಟರಿಗೆ ಸಣ್ಣ ಚಾರ್ಜರ್ ಹಾಕಿದೆ. ಓಡಿಸುವ ದಿನವನ್ನು ನಿಗದಿ ಮಾಡಿದವರು ಮಾತ್ರ ಅವ್ವನವರು: ಅಮಾವಾಸ್ಯೆ. ನಮ್ಮ ಕಡೆ ಅಂದು ಗಾಡಿ, ಯಂತ್ರ, ಅಂಗಡಿಯ ತಕ್ಕಡಿ ಎಲ್ಲಕ್ಕೂ ಪೂಜೆ ಇದ್ದೇ ಇದೆ. ಜನರೇಟರಿಗೂ ಕುಂಕುಮ ಹಚ್ಚಿ, ಕಾಯಿ ಒಡೆದು, ಎಸಿ ಹಾಕಿ ಅರ್ಧ ತಾಸು ಹೊರೆಯ ಮೇಲೆ ಓಡಿಸುತ್ತಾರೆ. ಅಂದೇ ಎಣ್ಣೆಯ ಕಡ್ಡಿ ನೋಡುವುದು, ಅರ್ಥಿಂಗಿನ ಲಾಳಿಕೆಗೆ ಕೊಡ ನೀರು ಹಾಕುವುದು. ಚೀಟಿ ಮರೆತುಹೋಗಿತ್ತು, ಅಮಾವಾಸ್ಯೆ ಇದುವರೆಗೆ ಒಂದೂ ತಪ್ಪಿಲ್ಲ. ಕ್ಯಾನಿನಲ್ಲಿಟ್ಟ 20 ಲೀಟರ್ ಡೀಸೆಲ್ ಹಳಸದಂತೆ ಆರು ತಿಂಗಳಿಗೊಮ್ಮೆ ಊರಿನ ಹೊಲದ ಟ್ರ್ಯಾಕ್ಟರಿಗೆ ಹಾಕಿ ಹೊಸದನ್ನು ತುಂಬಿಸುತ್ತಾರೆ.

ಬೇರೆ ಮನೆಯವರು ಕೇಳುವುದು

ಈ ಮನೆಯನ್ನು ನೋಡಿ ಬಂದವರು ಹೆಚ್ಚಾಗಿ ಕೇಳುವುದು ಸೋಲಾರ್ ಬಗ್ಗೆ. 2024ರಲ್ಲಿ ಮನೆಯ ಮಾಳಿಗೆಯ ಸೋಲಾರಿಗೆ ಕೇಂದ್ರ ಸರ್ಕಾರ ಸಹಾಯಧನ ಕೊಡುವ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ಮಾಳಿಗೆಯ ಮೇಲೆ ಫಲಕ ಹಾಕಿಸಿಕೊಂಡವರು ಬಹಳ. ಕರೆಂಟು ಹೋದಾಗ ಅದೇ ನಡೆಸುತ್ತದೆ ಎಂದು ಅನೇಕರು ನಂಬಿದ್ದಾರೆ. ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ವ್ಯವಸ್ಥೆ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಹಾಗೆ ನಿಲ್ಲಬೇಕೆಂದೇ ಅದನ್ನು ರೂಪಿಸಿದ್ದಾರೆ, ಕಾರಣ ಕಂಬದ ಮೇಲಿನ ಅದೇ ಲೈನ್‌ಮನ್. ಬ್ಯಾಟರಿ ಇರುವ ಹೈಬ್ರಿಡ್ ಬಗೆಯದು ಮಾತ್ರ ಮನೆಯನ್ನು ನಡೆಸಬಲ್ಲದು. ಈ ಮನೆಯವರು ಇನ್ವರ್ಟರಿನ ಬ್ಯಾಟರಿಗಳು ಸವೆದ ಮೇಲೆ ಆ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ. ಜನರೇಟರನ್ನು ಆಗಲೂ ತೆಗೆಯಬಾರದೆಂಬುದು ನನ್ನ ಅಭಿಪ್ರಾಯ: ಮೋಡ ಕವಿದು ಗಾಳಿ ಬೀಸುವ ದಿನಗಳಲ್ಲೇ ನಮ್ಮಲ್ಲಿ ಕರೆಂಟು ಹೋಗುವುದು.

ಕಳೆದ ಭೇಟಿಯಲ್ಲಿ ವೈದ್ಯರು ಹರಿವನ್ನು ನಿಮಿಷಕ್ಕೆ 3 ಲೀಟರಿಗೆ ಏರಿಸಿದ್ದಾರೆ. ಕಾನ್ಸಂಟ್ರೇಟರ್ ಎಳೆಯುವ ವಿದ್ಯುತ್ತಿನಲ್ಲಿ ಇದರಿಂದ ಹೆಚ್ಚೇನೂ ಬದಲಾಗದು, ಇನ್ವರ್ಟರ್, ಜನರೇಟರ್ ಇದ್ದಂತೆಯೇ ಸಾಕು. ಸಿಲಿಂಡರಿನ ಲೆಕ್ಕ ಮಾತ್ರ ಹನ್ನೆರಡೂವರೆ ತಾಸಿನಿಂದ ಎಂಟು ತಾಸು ಚಿಲ್ಲರೆಗೆ ಇಳಿಯಿತು. ಎರಡನೆಯ ಬಿ ಟೈಪ್ ಸಿಲಿಂಡರನ್ನು ಮಗ ತಂದಿಟ್ಟಿದ್ದಾರೆ. ಚೀಟಿಯ ಮೇಲಿನ ಅಂಕಿಯನ್ನು 3 ಎಂದು ತಿದ್ದಿದ್ದು ಅವ್ವನವರೇ.